ಹಳೇ ಪೆಟ್ರೋಲು ಪೂರ್ತಿ ಬಸಿಯಿರಿ

ಯಜಮಾನರಿಗೆ,

ನೀವು ಅಂಗಡಿಯಿಂದ ಬರುವಷ್ಟರಲ್ಲಿ ನಾನು ಬಂಡಿಯಲ್ಲಿ ಮಕ್ತಲಕ್ಕೆ ಹೊರಟಿರುತ್ತೇನೆ. ನಾಳಿದ್ದು ಅಕ್ಕನ ಮನೆಯಿಂದ ನನ್ನನ್ನು ಕಾರಿನಲ್ಲಿ ಕರೆತರುವ ಮಾತು ನಿಮ್ಮದೇ, ನೆನಪಿರಲಿ.

ಯುದ್ಧ ಶುರುವಾಗಿ ಪೆಟ್ರೋಲಿಗೆ ಬರ ಬಂದಾಗ ಕೊಟ್ಟಿಗೆ ಸೇರಿದ ಕಾರು. ಅದರ ಹೊಟ್ಟೆಯಲ್ಲಿರುವ ಪೆಟ್ರೋಲೂ ಅಂದಿನದೇ. ಮುಚ್ಚಳ ತೆಗೆದರೆ ವಾರ್ನಿಷ್ ನಾತ. ಡ್ರೈವರ್ ಯಲ್ಲಯ್ಯನನ್ನು ಮುಂದೆ ನಿಲ್ಲಿಸಿಕೊಂಡು ಪೂರ್ತಿ ಬಸಿಯಿರಿ. "ಹಾಳಾಗಿಲ್ಲ, ಮುಪ್ಪಾಗೇತಿ ಅಷ್ಟ" ಎಂದು ಹೊಸದರಲ್ಲಿ ಬೆರೆಸಬೇಡಿ. ಹುಳಿ ಮಜ್ಜಿಗೆಯನ್ನೂ ನೀವು ಹೀಗೇ ಹೊಸ ಮಜ್ಜಿಗೆಗೆ ಸುರಿಯುತ್ತೀರಿ.

ಕೊಳವೆ ಹಾಕಿ ಬಾಯಿಂದ ಎಳೆಯಬೇಡಿ. ಟ್ಯಾಂಕಿಯ ತಳದ ತಿರುಪು ಬಿಚ್ಚಿದರೆ ತಾನೇ ಇಳಿಯುತ್ತದೆ. ಬೀಡಿ ಮನೆಯೊಳಗೇ ಇರಲಿ. ಬಸಿದದ್ದನ್ನು ಕಂದೀಲಿಗೆ ಹಾಕಿ ಉಳಿತಾಯ ಮಾಡಲು ಹೋಗಬೇಡಿ, ಮನೆ ಹೊತ್ತಿಕೊಂಡೀತು.

ಹೊಸ ಪೆಟ್ರೋಲಿನ ಡಬ್ಬಿ ಎಲ್ಲಿದೆಯೆಂದು ಅತ್ತೆಯವರಿಗೆ ಮಾತ್ರ ಗೊತ್ತು. ಟ್ಯಾಂಕಿ ಬರಿದಾಯಿತೆಂದು ಯಲ್ಲಯ್ಯ ಬಂದು ಹೇಳಿದರೆ ಕೊಡುತ್ತಾರೆ, ನೀವು ಹೇಳಿದರೆ ಇಲ್ಲವಂತೆ. ಹೆತ್ತ ತಾಯಿ, ನಿಮ್ಮನ್ನು ನನಗಿಂತ ಮೊದಲಿನಿಂದ ಬಲ್ಲರು.

ಹಿಂದಿನ ಸೀಟಿನಲ್ಲಿ ಪಕ್ಕದ ಮನೆ ಬುಚ್ಚಮ್ಮನ ಕೋಳಿ ಕಾವಿಗೆ ಕೂತಿದೆ. ನೀವಂತೂ ಮುಟ್ಟಲಾರಿರಿ, ಅವಳನ್ನೇ ಕರೆಯಿರಿ. "ತಂಗೀ, ನಿಮ್ಮ ಕಾರು ಕೋಳಿ ಹತ್ತಾಕಷ್ಟ ಐತೇನ?" ಎಂದು ಅಕ್ಕ ಹೋದ ಸಲ ಇಡೀ ಓಣಿಯ ಹೆಂಗಸರೆದುರು ಕೇಳಿದ್ದಳು. ಅದಕ್ಕೆ ಉತ್ತರ ನೀವೇ ತರಬೇಕು.

ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟಿದ್ದೇನೆ. ಕೈಯನ್ನು ಸೋಪು ಹಚ್ಚಿ ತೊಳೆದೇ ಉಣ್ಣಿ.

ನಾಳಿದ್ದು ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತಿರುತ್ತೇನೆ. ಹಾರ್ನ್ ಕೇಳಿದರೆ ಎದ್ದು ಬರುತ್ತೇನೆ. ಎತ್ತಿನ ಗಂಟೆ ಕೇಳಿದರೆ ನೀವು ಯಾರೋ, ನಾನು ಯಾರೋ.

ಚನ್ನವೀರಮ್ಮ