ಬ್ರೆಡ್ಡಿನ ಮೇಲೆ ಅಜ್ಜಿಯ ತೀರ್ಪು

ನಂದಗುಡಿ
ಶುಕ್ರವಾರ, ೧೪-೮-೧೯೯೮

ಪ್ರೀತಿಯ ಕವಿತಕ್ಕನ ಸನ್ನಿಧಾನಕ್ಕೆ, ನಿನ್ನ ಒಬ್ಬನೇ ತಮ್ಮನೂ ಸದ್ಯಕ್ಕೆ ಈ ಮನೆಯ ಅಧಿಕೃತ ರೋಗಿಯೂ ಆದ ಅಂಬರೀಶನ ನಮಸ್ಕಾರಗಳು.

ಹೇಗಿದ್ದೀಯ? ಊಟ ಸೇರುತ್ತದೆಯೇ? ಬಾವ ಚೆನ್ನಾಗಿದ್ದಾರೆಯೇ, ನಿಮ್ಮ ಅತ್ತೆಯವರ ಮಂಡಿನೋವು ಇಳಿಯಿತೇ? ನನ್ನ ಕಾಗದ ಬಂದರೆ ಅವರು ಹತ್ತಿರ ಕೂತು ಕೇಳಿಸಿಕೊಂಡು ನಗುತ್ತಾರೆಂದು ಬಾವ ಹೇಳಿದ್ದರು. ಆದ್ದರಿಂದ ಇದನ್ನೂ ಅವರ ಮುಂದೆ ಗಟ್ಟಿಯಾಗಿ ಓದತಕ್ಕದ್ದು, ನಗುವ ಜಾಗದಲ್ಲಿ ಕೊಂಚ ನಿಲ್ಲತಕ್ಕದ್ದು, ನನ್ನ ಸಹಿ ಬಂದಲ್ಲಿಗೆ ಓದು ಮುಗಿಸತಕ್ಕದ್ದು.

ನನ್ನ ಹೊಟ್ಟೆಯ ವ್ಯಾಜ್ಯ ನಿನಗೆ ಅರ್ಧ ಗೊತ್ತು. ಮೊದಲು ಆಮಶಂಕೆ ಎಂದರು. ಆಮೇಲೆ ಕರುಳಿನ ಟಿ.ಬಿ. ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತೇ ಹೊರತು ರಕ್ತ ಬೀಳುವುದು ನಿಲ್ಲಲಿಲ್ಲ. ಈಗ ಬೆಂಗಳೂರಿನ ಡಾಕ್ಟರು ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡಿ, ಕರುಳು ತಾನೇ ಉರಿದು ಹುಣ್ಣಾಗುವ ಕಾಯಿಲೆ ಎಂದಿದ್ದಾರೆ. ಅದರಲ್ಲೂ ಎರಡು ಬಗೆಯಂತೆ. ಕೋಲೈಟಿಸ್ ಎಂಬುದು ದೊಡ್ಡ ಕರುಳು ಬಿಟ್ಟು ಆಚೆ ಕಾಲಿಡುವುದಿಲ್ಲ. ಕ್ರೋನ್ಸ್ ಎಂಬುದು ಬಾಯಿಂದ ಹಿಡಿದು ಕೊನೆಯವರೆಗೆ ಎಲ್ಲಿ ಬೇಕಾದರೂ ಠಿಕಾಣಿ ಹೂಡುತ್ತದೆ. ಮೊದಲನೆಯದಾಗಿದ್ದು ಮಾತ್ರೆಗೆ ಬಗ್ಗದಿದ್ದರೆ ದೊಡ್ಡ ಕರುಳನ್ನೇ ತೆಗೆದು, ಸಣ್ಣ ಕರುಳಿನಿಂದ ಒಂದು ಚೀಲ ಹೊಲಿದು ಕೂರಿಸಬಹುದಂತೆ. ಎರಡನೆಯದಾಗಿದ್ದು ಹಾಗೆ ಮಾಡಿದರೋ, ಕಾಯಿಲೆ ಆ ಚೀಲಕ್ಕೂ ಬಂದು ಕೂರಬಹುದು. ನನ್ನದು ಯಾವುದೆಂದು ಕೊಳವೆಯೂ ಹೇಳಲಿಲ್ಲ, ಒಳಗಿಂದ ಚಿವುಟಿ ತೆಗೆದ ಚೂರೂ ಹೇಳಲಿಲ್ಲ. ಹೀಗಾಗಿ ನನ್ನ ರಕ್ತವನ್ನು ಸಾಕ್ಷಿಗೆ ಕರೆದಿದ್ದಾರೆ.

ನಮ್ಮ ಮೈ ಶತ್ರುವೆಂದು ಕಂಡವರ ಮೇಲೆಲ್ಲ ರಕ್ತದಲ್ಲಿ ಕಾವಲುಗಾರರನ್ನು ನೇಮಿಸುತ್ತದಂತೆ. ಅವರಿಗೆ ಆ್ಯಂಟಿಬಾಡಿ ಎಂದು ಹೆಸರು. ಒಂದು ಬಗೆಯವನು ಬ್ರೆಡ್ಡು ಉಬ್ಬಿಸುವ ಈಸ್ಟಿನ ಮೇಲೆ ಹಲ್ಲು ಮಸೆಯುತ್ತಾನೆ. ಅವನು ಸಿಕ್ಕರೆ ಕ್ರೋನ್ಸ್ ಇರಬಹುದು. ಇನ್ನೊಬ್ಬ ನಮ್ಮದೇ ಬಿಳಿ ರಕ್ತಕಣದ ಮೇಲೆ ತಿರುಗಿಬೀಳುವ ಮನೆಹಾಳ; ಅವನಾದರೆ ಕೋಲೈಟಿಸ್ ಕಡೆಗೆ. 'ಇದೊಂದರಿಂದಲೇ ತೀರ್ಮಾನ ಆಗಲ್ಲಪ್ಪಾ, ಯಾವ ಕಡೆ ಅಂತ ಒಂಚೂರು ಕೈ ತೋರ್ಸುತ್ತೆ ಅಷ್ಟೆ' ಎಂದರು ಡಾಕ್ಟರು. ರಕ್ತ ಬೊಂಬಾಯಿಗೆ ಹೋಗಿದೆ. ನಾನು ಹೊಸಕೋಟೆ ದಾಟಿದರೆ ಬಸ್ಸಿನಲ್ಲಿ ಬೆವರುತ್ತೇನೆ. ನನ್ನ ರಕ್ತ ಮಾತ್ರ ಸಮುದ್ರ ನೋಡಿಕೊಂಡು ಬರುತ್ತಿದೆ.

ನಾನು ಮಾಡಿದ ಮಹಾಪರಾಧವೆಂದರೆ ಈ ಈಸ್ಟಿನ ಸಮಾಚಾರವನ್ನು ಮುತ್ತಮ್ಮಜ್ಜಿಗೆ ವಿವರಿಸಿದ್ದು. ನಮ್ಮ ಕಡೆ ಬ್ರೆಡ್ಡು ತಿಂಡಿಯಲ್ಲ, ರೋಗಿಯ ಗುರುತು ಎಂಬುದು ನಿನಗೆ ತಿಳಿಯದ್ದಲ್ಲ. ಗಟ್ಟಿಯಾಗಿರುವವನ ಮನೆಗೆ ಯಾರಾದರೂ ಬ್ರೆಡ್ಡು ಹಿಡಿದು ಹೋದರೆ 'ಯಾರಿಗ್ಲಾ ಹುಷಾರಿಲ್ಲ?' ಎಂದು ಬೀದಿಯೆಲ್ಲ ಹಿಂದೆ ಬರುತ್ತದೆ. ನಾನು ಮಲಗಿದಾಗಿನಿಂದ ನೋಡಲು ಬಂದವರೆಲ್ಲ ತಂದದ್ದು ಬ್ರೆಡ್ಡೇ, ಎಲ್ಲರಿಗಿಂತ ಮೊದಲು ತಂದವನು ಅಮ್ಮನ ತಮ್ಮ ಪಿಳ್ಳಪ್ಪ ಮಾವ. ಅಜ್ಜಿ ಜಗಲಿಯ ಮೇಲೆ ನ್ಯಾಯಪೀಠ ಹೂಡಿ, 'ಮೊಗಾ ಕೆಟ್ಟಿದ್ದೇ ನಿನ್ನ ಬ್ರೆಡ್ಡಿಂದ ಕಣ್ಲಾ ಪಿಳ್ಳಪ್ಪ, ಡಾಕ್ಟರೇ ಯೋಳವ್ರೆ' ಎಂದು ತೀರ್ಪು ಕೊಟ್ಟಿತು. ಬ್ರೆಡ್ಡು ತಂದದ್ದು ಕಾಯಿಲೆ ಬಂದ ಮೇಲೆ ಎಂದು ವಾದ ಮಂಡಿಸಿದೆ. ಈಸ್ಟು ತಿಂದದ್ದಕ್ಕೆ ಕಾಯಿಲೆ ಬರುವುದಲ್ಲ, ಕರುಳು ಕೆಟ್ಟವರ ರಕ್ತದಲ್ಲಿ ಹೀಗೊಬ್ಬ ತಪ್ಪು ತಿಳಿದ ಕಾವಲುಗಾರ ಕಾಣಿಸಿಕೊಳ್ಳುತ್ತಾನೆ, ಅಷ್ಟೆ ಎಂದೂ ಹೇಳಿದೆ. ವಾದ ವಜಾ. ಬ್ರೆಡ್ಡೆಲ್ಲ ಎಮ್ಮೆಯ ಪಾಲಾಯಿತು. ಎಮ್ಮೆಗೆ ಈಗ ನಮ್ಮ ಬೂಸಾ ಕಂಡರೆ ತಾತ್ಸಾರ. ಮಾವ ಮುನಿಸಿಕೊಂಡು ಒಳಗೆ ಬರುವುದಿಲ್ಲ, ಬೇಲಿಯಾಚೆ ನಿಂತೇ ನನ್ನ ಯೋಗಕ್ಷೇಮ ಕೇಳುತ್ತಾನೆ. ನಾಳೆ ಹಸು ನೋಡಲು ನಿಮ್ಮ ಮಾಲೂರಿನ ಕಡೆಗೆ ಬರುವವನೂ ಅವನೇ, ಈ ಕಾಗದ ತರುವವನೂ ಅವನೇ. ಎರಡು ಒಳ್ಳೆಯ ಮಾತಾಡಿ ಕಾಫಿ ಕೊಡು.

ತಮಾಷೆ ಬಿಟ್ಟು ಹೇಳುವುದಾದರೆ ಅಕ್ಕಾ, ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬಸ್ಸಿನ ಹಾರನ್ ಕೇಳಿದರೆ ಬೊಂಬಾಯಿಯಿಂದ ರಕ್ತದ ವರದಿಯೇ ಬಂತೇನೋ ಎಂದು ಬಾಗಿಲಿಗೆ ಬರುತ್ತೇನೆ, ಬಾಗಿಲಿಗೆ ಬಂದವನು ಹಾಗೇ ಹಿತ್ತಲಿಗೆ ಓಡುತ್ತೇನೆ. ನಿನ್ನೆ ಅಮ್ಮ ಹುರುಳಿ ಸಾರು ಮಾಡಿದ್ದಳು. ನೀನು ಎರಡು ತುತ್ತು ತಿಂದು ತಟ್ಟೆಯನ್ನು ನನ್ನ ಕಡೆಗೆ ತಳ್ಳುತ್ತಿದ್ದದ್ದು ನೆನಪಾಯಿತು. ಈಗ ನನಗೂ ಸೇರುವುದಿಲ್ಲ, ತಟ್ಟೆ ತಳ್ಳೋಣವೆಂದರೆ ಪಕ್ಕದಲ್ಲಿ ಯಾರೂ ಇಲ್ಲ.

ನಿನ್ನಿಂದ ಒಂದು ಉಪಕಾರ ಆಗಬೇಕು. ರಕ್ತ ಕೊಟ್ಟ ದಿನ ಡಾಕ್ಟರು 'ಮನೇಲಿ ಬೇರೆ ಯಾರಿಗಾದ್ರೂ ಇಂಥಾ ತೊಂದ್ರೆ ಇದೆಯಾ?' ಎಂದು ಕೇಳಿದರು. ಅವರು ಕೇಳಿ ಮುಗಿಸುವ ಮೊದಲೇ ಅಪ್ಪ 'ಯಾರಿಗೂ ಇಲ್ಲ ಸಾರ್, ಎಲ್ಲಾ ಗಟ್ಟಿ' ಎಂದರು. ಹೊರಗೆ ಬಂದಮೇಲೆ ನಾನು ಮರೆತ ಕೊಡೆ ತರಲು ವಾಪಸು ಒಳಗೆ ಹೋದೆ. ಆಗ ಡಾಕ್ಟರು, ಒಡಹುಟ್ಟಿದವರ ರಕ್ತವನ್ನೂ ನನ್ನದರ ಜೊತೆ ಹೋಲಿಸಿ ನೋಡಿದರೆ ನನ್ನ ಚಿಕಿತ್ಸೆಗೆ ಬಹಳ ಅನುಕೂಲ ಎಂದರು. ಒಡಹುಟ್ಟಿದವಳೆಂದರೆ ಭೂಮಂಡಲದಲ್ಲಿ ನೀನೊಬ್ಬಳೇ. ಬರುವ ಸೋಮವಾರ ಬೆಳಿಗ್ಗೆ ಹೊಸಕೋಟೆ ಬಸ್‌ಸ್ಟ್ಯಾಂಡಿಗೆ ಬಂದರೆ ಅಲ್ಲಿಂದ ಇಬ್ಬರೂ ಕೂಡಿ ಹೋಗಬಹುದು. ಅತ್ತೆಯವರೇ, ಒಬ್ಬನೇ ತಮ್ಮನ ಪ್ರಾಣದ ಪ್ರಶ್ನೆ, ದಯಮಾಡಿ ಸೊಸೆಯನ್ನು ಕಳಿಸಿಕೊಡಬೇಕು. ಒಂದು ಲೋಟ ಕಾಫಿಯಷ್ಟು ರಕ್ತವನ್ನೂ ತೆಗೆಯುವುದಿಲ್ಲ ಎಂದು ಪ್ರಮಾಣ ಮಾಡುತ್ತೇನೆ.

ನಿಮ್ಮ ಮನೆಯ ಹಿರಿಯರ ಪಾದಗಳಿಗೆ ನನ್ನ ನಮಸ್ಕಾರ. ಬಾವನವರಿಗೆ ಒಂದು ಸಲಾಮು. ಅಜ್ಜಿ ನಿನಗೆ ಆಶೀರ್ವಾದವನ್ನೂ, ಬ್ರೆಡ್ಡು ಮುಟ್ಟಬಾರದೆಂಬ ಆಜ್ಞೆಯನ್ನೂ ಕಳಿಸಿದೆ.

ಇಂತಿ, ಹೊಟ್ಟೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಸರಿಯಿರುವ ನಿನ್ನ ತಮ್ಮ,
ಅಂಬರೀಶ

ತಾ.ಕ.: ಇದು ನಿನಗೊಬ್ಬಳಿಗೆ. ಹೋಲಿಕೆ ಗೀಲಿಕೆ ಏನೂ ಇಲ್ಲ ಅಕ್ಕ, ಅದು ನಿಮ್ಮತ್ತೆ ಕಿವಿಗೆ ಕಟ್ಟಿದ್ದು. ಕೊಡೇನ ನಾನೇ ಬೇಕಂತ ಬಿಟ್ಟುಬಂದಿದ್ದೆ. ನಮ್ಮಕ್ಕನಿಗೂ ರಕ್ತ ಬೀಳುತ್ತೆ, ಮದುವೆ ತಪ್ಪಿಹೋಗುತ್ತೆ ಅಂತ ಮನೇಲಿ ಮುಚ್ಚಿಟ್ರು ಅಂತ ಡಾಕ್ಟರಿಗೆ ಹೇಳಿಬಿಟ್ಟೆ. ತಡಮಾಡದೆ ಕರ್ಕೊಂಡು ಬಾ, ಅವರನ್ನೂ ನೋಡ್ಬೇಕು ಅಂದ್ರು. ಹೆಣ್ಣು ನೋಡೋ ದಿನ ನೀನು ಹಿತ್ತಲಿಂದ ಬರೋವರೆಗೂ ಬಾವನ ಕಡೆಯವರ ಮುಂದೆ ಕೋತಿ ಥರ ಕುಣಿದೋನು ನಾನೇ, ನನಗೆ ಸುಳ್ಳು ಹೇಳಬೇಡ. ಹೋದ ಸಲ ಬಾವ ಬಂದಾಗ 'ನಿಮ್ಮಕ್ಕ ಊಟಾನೇ ಮಾಡಲ್ಲ ಕಣೋ, ಬಳೆ ಮೊಣಕೈವರೆಗೂ ಜಾರುತ್ತೆ, ಕೇಳಿದ್ರೆ ತೌರು ನೆನಪಾಗುತ್ತೆ ಅಂತಾಳೆ' ಅಂದ್ರು. ತೌರು ನೆನಪಾದ್ರೆ ಬಳೆ ಮೊಣಕೈವರೆಗೂ ಜಾರಲ್ಲ. ಬಾವನಿಗೆ ಹೇಳೋದು ನಿನಗೆ ಬಿಟ್ಟಿದ್ದು; ಹೇಳಿದ್ರೆ ಒಳ್ಳೇದು, ಒಳ್ಳೇ ಮನುಷ್ಯ. ಸೋಮವಾರ ಬಸ್‌ಸ್ಟ್ಯಾಂಡಲ್ಲಿ ನಿಂತಿರ್ತೀನಿ. ನೀನು ಇಳೀಲಿಲ್ಲ ಅಂದ್ರೆ ಮುಂದಿನ ಬಸ್ಸಿಗೆ ನಾನೇ ಒಂದು ಪೌಂಡು ಬ್ರೆಡ್ಡು ಎದೆಗೆ ಅವಚ್ಕೊಂಡು, ನಿಮ್ಮ ಬೀದಿ ತುಂಬ ನಡ್ಕೊಂಡು, ನಿಮ್ಮನೆ ಬಾಗಿಲಿಗೆ ಬಂದ್ಬಿಡ್ತೀನಿ. ಆಮೇಲೆ ಯಾರಿಗೆ ಹುಷಾರಿಲ್ಲ ಅಂತ ನಿಮ್ಮತ್ತೆಗೆ ಯಾರೂ ಓದಿ ಹೇಳಬೇಕಾಗಿಲ್ಲ.