ನೀಲಾ ಒರಗಿದ್ದ ಹೆಗಲು

ಬೈಲಹೊಂಗಲ
ಮಂಗಳವಾರ, 8 ಏಪ್ರಿಲ್ 2025

ನೀಲಾಳ ಅಪ್ಪ ಅವರಿಗೆ,

ಗಂಗಾಳ ನಮಸ್ಕಾರಗಳು.

ಹೀಗೆ ಕರೆಯಬಹುದೋ ಇಲ್ಲವೋ ಎಂದು ಬಹಳ ಹೊತ್ತು ಪೆನ್ನು ಹಿಡಿದು ಕುಳಿತೆ. ನೀಲಾ ಹುಟ್ಟಿದಾಗಿನಿಂದ ನಿಮ್ಮನ್ನು ಹಾಗೆಯೇ ಕರೆದಿದ್ದೇನೆ. ಆಕೆ ಹೋದಳೆಂದು ಈಗ ಹೊಸ ಹೆಸರು ಎಲ್ಲಿಂದ ತರಲಿ? ನಿಮ್ಮ ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಫೋನು ಇರುವಾಗ ಪತ್ರ ಯಾಕೆ ಎಂದು ಕೇಳಬಹುದು. ಫೋನಿನಲ್ಲಿ ನೀವು ‘ಊಟಾ ಆತೇನು’ ಅನ್ನುತ್ತೀರಿ. ನಾನು ‘ಆತ್ರಿ’ ಅನ್ನುತ್ತೇನೆ. ಆಮೇಲೆ ಇಬ್ಬರೂ ಒಬ್ಬರ ಉಸಿರು ಒಬ್ಬರು ಕೇಳುತ್ತ ಇರುತ್ತೇವೆ. ಹಂಗಾಮು ಇದ್ದಾಗ ನಿಮ್ಮ ಹಿಂದೆ ಕಬ್ಬಿನ ಗಾಡಿಗಳ ಸಪ್ಪಳವಾದರೂ ಇತ್ತು. ಈಗ ಅದೂ ಇಲ್ಲ. ಅದಕ್ಕೇ ಬರೆದು ಸುಭಾಸನ ಕೈಲಿ ಕೊಡುತ್ತಿದ್ದೇನೆ. ಅವನು ದಿನಾ ಬೈಕಿನ ಮೇಲೆ ಇಲ್ಲಿಂದ ಎಂ.ಕೆ. ಹುಬ್ಬಳ್ಳಿಗೆ ಬಂದು ನಿಮ್ಮ ಜೊತೆ ಕೆಲಸ ಮಾಡಿ ಮನೆಗೆ ಮರಳುತ್ತಾನೆ. ಮೊದಲು ನೀವೂ ಹಾಗೆಯೇ ಬರುತ್ತಿದ್ದಿರಿ.

ಹಂಗಾಮು ಶುರುವಾಗಿದೆ, ಪಾಳಿ ಜಾಸ್ತಿ, ಸಕ್ಕರೆ ಕಾರ್ಖಾನೆಯ ಹತ್ತಿರ ಕೋಣೆ ಮಾಡುತ್ತೇನೆ ಎಂದು ಹೋದಿರಿ. ಆಗಲಿ ಅಂದೆ. ಈಗ ಕಬ್ಬು ಮುಗಿಯಿತು, ಗಾಣ ನಿಂತಿತು, ಗಾಡಿಯವರು ಊರು ಸೇರಿದರು, ಉಳಿದದ್ದು ಯಂತ್ರ ಬಿಚ್ಚಿ ತೊಳೆಯುವ ಪಾಳಿಯಷ್ಟೇ. ಯುಗಾದಿಗೂ ನೀವು ಬರಲಿಲ್ಲ. ಬೇವು ಬೆಲ್ಲ ಕಲಸಿ, ನಿಮ್ಮ ಪಾಲು ಬಟ್ಟಲಲ್ಲಿ ಮುಚ್ಚಿಟ್ಟು, ಮರುದಿನ ಇರುವೆ ಮುತ್ತಿದ ಮೇಲೆ ಚೆಲ್ಲಿದೆ.

ಜಗಳಕ್ಕೆ ಬರೆಯುತ್ತಿಲ್ಲ. ಬರುವ ಗುರುವಾರ ಒಂದು ಕೆಲಸಕ್ಕೆ ನೀವು ಇಲ್ಲಿಗೆ ಬರಬೇಕು. ಯಾವ ಕೆಲಸ ಎಂದು ಒಂದೇ ಸಾಲಿನಲ್ಲಿ ಹೇಳಿದರೆ ನೀವು ಬರುವುದಿಲ್ಲ. ಅದಕ್ಕೇ ಪೂರ್ತಿ ಓದಿ.

ನನ್ನ ಬಲಗೈ ಮೇಲೆ ಏಳುತ್ತಿಲ್ಲ. ದೀಪಾವಳಿಯ ಹೊತ್ತಿಗೆ ಹೆಗಲು ಬಿಗಿಯತೊಡಗಿತು. ಈಗ ಹೆರಳು ಹಾಕಿಕೊಳ್ಳಲು ಆಗದು, ಗೋಡೆಯ ಮೇಲಿನ ಮಾಡದಿಂದ ಡಬ್ಬಿ ತೆಗೆಯಲು ಆಗದು. ಸುಭಾಸನ ಕೈಲಿ ನಿಮಗೆ ಕಳಿಸುವ ರೊಟ್ಟಿ ನಾನು ಬಡಿದವಲ್ಲ. ನಮ್ಮ ತಮ್ಮ ಮಹಾದೇವನ ಹೆಂಡತಿ ಕೃಷ್ಣವ್ವ ಬಡಿದವು. ಆಕೆಯ ರೊಟ್ಟಿ ದಪ್ಪ, ಅಂಚು ಸೀಳಿರುತ್ತದೆ. ಇಷ್ಟು ವರ್ಷ ನನ್ನ ಕೈರೊಟ್ಟಿ ತಿಂದವರು ನೀವು. ಒಂದು ದಿನವೂ ‘ಯಾಕ ಹಿಂಗ ಆಗ್ಯಾವು’ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಎಲುಬಿನ ಡಾಕ್ಟರು ಫೋಟೋ ತೆಗೆಸಿದರು. ‘ಎಲುಬು ಚಲೋ ಅದಾವ್ರಿ ಅಕ್ಕಾರ, ಕೀಲು ಬಿಗದೈತಿ’ ಅಂದರು. ಗುಳಿಗೆ, ಎಣ್ಣೆ, ಬಿಸಿನೀರಿನ ಕಾವು ಎಲ್ಲ ಆಯಿತು. ಕಡೆಗೆ ಕೃಷ್ಣವ್ವ ನನ್ನನ್ನು ಉಮಾಶ್ರೀ ಎಂಬ ಹುಡುಗಿಯ ಹತ್ತಿರ ಕರೆದುಕೊಂಡು ಹೋದಳು. ಪೇಟೆಯಲ್ಲಿ ಔಷಧ ಅಂಗಡಿಯ ಮೇಲಿನ ಕೋಣೆಗೆ ಆಕೆ ಗುರುವಾರ ಧಾರವಾಡದಿಂದ ಬರುತ್ತಾಳೆ. ಥೆರಪಿ ಅನ್ನುತ್ತಾರೆ. ಅಳದೆ ಉಳಿದದ್ದು, ಆಡದೆ ಉಳಿದ ಸಿಟ್ಟು, ಅಂಜಿಕೆ ಇವೆಲ್ಲ ಮೈಯಲ್ಲೇ ಕುಳಿತಿರುತ್ತವಂತೆ. ಮಾತಿನಿಂದ ಹೋಗದಿದ್ದರೆ ಮೈಯಿಂದಲೇ ಬಿಡಿಸಬೇಕಂತೆ.

ಖರೆ ಹೇಳಬೇಕೆಂದರೆ ನನಗೆ ಬೇಸರ ಬಂದುಹೋಗಿದೆ. ಚಾಪೆಯ ಮೇಲೆ ಕೂರಿಸಿ ಹೊಟ್ಟೆ ತುಂಬ ಉಸಿರು ಎಳೆಯಿರಿ ಅನ್ನುತ್ತಾಳೆ. ಎಳೆದೆ. ಕೈ ಕೊಡವಿರಿ ಅನ್ನುತ್ತಾಳೆ. ಎದ್ದ ಮಟ್ಟಿಗೆ ಕೊಡವಿದೆ. ಬಾಯಿ ಮುಚ್ಚಿ ದುಂಬಿಯ ಹಾಗೆ ಗುಂಯ್‌ಗುಡಿರಿ ಅನ್ನುತ್ತಾಳೆ. ಗುಂಯ್‌ಗುಟ್ಟಿದೆ. ಪ್ರತಿ ಸಲ ಬಂದು ಮೆಲ್ಲಗೆ ‘ಏನರ ಅನ್ನಸಾಕತ್ತೇತೇನ್ರಿ’ ಎಂದು ಕೇಳುತ್ತಾಳೆ. ಏನೂ ಇಲ್ಲ. ಒಲೆಯ ಮುಂದೆ ಹಸಿ ಕಟ್ಟಿಗೆ ಊದುತ್ತ ಕುಳಿತ ಹಾಗೆ. ಹೊಗೆ ಕೂಡ ಬರುವುದಿಲ್ಲ.

ನನ್ನ ಪಕ್ಕದ ಚಾಪೆಯವಳು ತಾಯವ್ವ. ಸವದತ್ತಿಯವಳು, ಮುದುಕಿ, ಸೊಂಟ ನೋವು. ಆಕೆ ಒಂದು ಉಸಿರು ಎಳೆದರೆ ಸಾಕು, ಸತ್ತ ಗಂಡನಿಂದ ಹಿಡಿದು ಸತ್ತ ಎಮ್ಮೆಯವರೆಗೆ ಎಲ್ಲರನ್ನೂ ಕರೆದು ಅಳುತ್ತಾಳೆ. ಆಮೇಲೆ ಮೂಗು ಒರೆಸಿಕೊಂಡು ಕೆಳಗೆ ಇಳಿದು ಮಿರ್ಚಿ ಭಜಿ ತಿನ್ನುತ್ತಾಳೆ. ಆಕೆಯನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು. ಮಗಳು ಹೋದವಳು ನಾನು, ಕಣ್ಣೀರು ಆಕೆಯ ಪಾಲಿಗೆ.

ಒಂದು ಸಲ ಉಮಾಶ್ರೀ ತೊಡೆಯ ಮೇಲೆ ದಿಂಬು ಇಟ್ಟು, ಯಾರ ಮೇಲೆ ಸಿಟ್ಟಿದೆಯೋ ಅವರನ್ನು ನೆನೆದು ಹೊಡೆಯಿರಿ ಅಂದಳು. ನಾನು ನಿಮ್ಮನ್ನೇ ನೆನೆದೆ. ಮುಚ್ಚಿಡುವುದೇಕೆ. ಮೊಣಕೈಯಿಂದ ಕೆಳಗೆ ಕೈ ಆಡುತ್ತದೆ, ಅಷ್ಟರಲ್ಲೇ ಹೊಡೆಯತೊಡಗಿದೆ. ಎರಡು ಪೆಟ್ಟು ಬೀಳುವುದರೊಳಗೆ ಅಂಗೈ ತಾನೇ ಅಗಲವಾಗಿ ದಿಂಬನ್ನು ಸುತ್ತ ತಿರುಗಿಸಿ ತಿರುಗಿಸಿ ತಟ್ಟುತ್ತಿತ್ತು. ತಾಯವ್ವ ನೋಡಿ, ‘ಗಂಗವ್ವಾ, ಬಡಿಯೂದಾತು, ಹಂಚಿನ ಮ್ಯಾಲೆ ಯಾವಾಗ ಹಾಕ್ತಿ?’ ಅಂದಳು. ಎಲ್ಲರೂ ನಕ್ಕರು, ಉಮಾಶ್ರೀಯೂ ನಕ್ಕಳು. ನನಗೆ ನಗು ಬರಲಿಲ್ಲ. ನಿಮ್ಮ ಮೇಲಿನ ಸಿಟ್ಟಿನಲ್ಲಿಯೂ ಈ ಕೈಗೆ ನಿಮಗೆ ರೊಟ್ಟಿ ಬಡಿಯುವುದಷ್ಟೇ ಗೊತ್ತು.

ಕಳೆದ ಗುರುವಾರ ಇನ್ನು ಬರುವುದಿಲ್ಲ ಎಂದು ಹೇಳಲೆಂದೇ ಹೋಗಿದ್ದೆ. ಹೇಳಿದೆ ಕೂಡ. ಆಕೆ ಸಿಟ್ಟಾಗಲಿಲ್ಲ. ‘ಇವತ್ತ ನಾ ಏನೂ ಹೇಳೂದಿಲ್ರಿ. ಕಣ್ಣ ಮುಚ್ಚರಿ. ನಿಮ್ಮ ಮೈಗೆ ಹೆಂಗ ಕುಂಡ್ರಬೇಕು ಅನಸ್ತೈತಿ, ಹಂಗ ಕುಂಡ್ರಾಕ ಬಿಡರಿ’ ಅಂದಳು.

ನನ್ನ ಮೈ ಸರಿದು ಹೋಗಿ ಗೋಡೆಗೆ ಬೆನ್ನು ಕೊಟ್ಟಿತು. ಮೊಣಕಾಲು ಅಗಲವಾದವು. ಎರಡೂ ಕೈ ಮುಂದೆ ಬಂದು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಬೆರಳಿಗೆ ಬೆರಳು ಹೆಣೆದುಕೊಂಡವು. ಕತ್ತು ಎಡಕ್ಕೆ ಬಾಗಿತು, ಬಲ ಹೆಗಲ ಮೇಲೆ ಯಾರದೋ ತಲೆಗೆ ಜಾಗ ಬಿಟ್ಟ ಹಾಗೆ. ಉಮಾಶ್ರೀ ಕೂಸು ಎತ್ತಿಕೊಂಡ ಹಾಗೆ ಇದೆಯಲ್ಲ ಎಂದು ಕೇಳಿದಳು. ಹೌದು ಅಂದೆ. ಸುಳ್ಳು ಹೇಳಿದೆ. ಖರೆ ಏನೆಂದು ನಿಮಗೊಬ್ಬರಿಗೇ ಹೇಳಬೇಕಾದದ್ದು.

ಶ್ರಾವಣದ ಆ ದಿನ ಬೆಳಿಗ್ಗೆ ಆಸ್ಪತ್ರೆಯ ಗಾಡಿ ನೀಲಾಳನ್ನು ತಂದು ಇಳಿಸಿತು. ಜ್ವರದ ಮೈ ತಣ್ಣಗಾಗಿತ್ತು. ಮೈ ಸೆಟೆಯುವ ಮೊದಲು ಕೂರಿಸಬೇಕು ಎಂದು ಬಸಲಿಂಗಪ್ಪ ದೊಡ್ಡಪ್ಪ ಅವಸರ ಮಾಡಿದರು. ನಮ್ಮಲ್ಲಿ ಹೋದವರನ್ನು ಮಲಗಿಸಿ ಕಳಿಸುವುದಿಲ್ಲ. ಕಾಲು ಮಡಿಸಿ ಕೂರಿಸಿ, ಕೂತಂತೆಯೇ ಮಣ್ಣು ಕೊಡುತ್ತೇವೆ. ಆದರೆ ನಾನು ಅಲ್ಲಿಯವರೆಗೆ ನೋಡಿದ್ದು ಸವೆದು ಹೋದ ಮುದುಕರನ್ನು. ಗೋಡೆಗೆ ಒರಗಿಸಿ ಅರಿವೆ ಕಟ್ಟಿದರೆ ಕೂರುತ್ತಾರೆ. ನೀಲಾ ಕಾಲೇಜಿಗೆ ಹೋಗುವ ಹುಡುಗಿ. ಕಟ್ಟಿದ ಅರಿವೆ ಮತ್ತೆ ಮತ್ತೆ ಜಾರಿತು. ತಲೆ ವಾಲುತ್ತಿತ್ತು. ‘ಕಟ್ಟಬ್ಯಾಡ್ರಿ, ನಾ ಹಿಡೀತೇನಿ’ ಅಂದೆ. ಗೋಡೆಗೂ ಆಕೆಗೂ ನಡುವೆ ನಾನು ಕುಳಿತೆ.

ಆಕೆಯ ಬೆನ್ನು ನನ್ನ ಎದೆಗೆ, ತಲೆ ನನ್ನ ಬಲ ಹೆಗಲಿಗೆ. ಹೋದವರ ಮೇಲೆ ಕಣ್ಣೀರು ಬೀಳಬಾರದು ಎಂದು ದೊಡ್ಡಪ್ಪ ಎಚ್ಚರಿಸಿದರು. ಆಕೆಯ ಕೂದಲು ನನ್ನ ಗದ್ದದ ಕೆಳಗೇ ಇತ್ತು. ಅತ್ತರೆ ಆಕೆಯ ಮೇಲೆಯೇ ಬೀಳಬೇಕು. ಅಳಲಿಲ್ಲ. ಬಂದ ಹೆಣ್ಣುಮಕ್ಕಳೆಲ್ಲ ಆಕೆಯ ಗುಣ ಹೇಳಿ ಹಾಡಿಕೊಂಡು ಅತ್ತರು. ನಾನು ಗೋಡೆಯ ಹಾಗೆ ಕೂತಿದ್ದೆ.

ನೀವು ಬಾಗಿಲಿಗೆ ಬಂದು ವಿಭೂತಿ ಎಲ್ಲಿದೆ ಎಂದು ಕೇಳಿದಿರಿ. ಮತ್ತೊಮ್ಮೆ ಬಂದು ಹೊಸ ಸೀರೆ ತಂದರೇನು ಎಂದು ಕೃಷ್ಣವ್ವನನ್ನು ಕೇಳಿದಿರಿ. ನಮ್ಮ ಕಡೆ ನೋಡಲಿಲ್ಲ. ಈಗ ಒಳಗೆ ಬರುತ್ತೀರಿ, ‘ಸರಿ ಗಂಗಾ, ಈಗ ನಾ ಹಿಡೀತೇನಿ’ ಅನ್ನುತ್ತೀರಿ ಎಂದು ಕಾಯ್ದೆ. ಬಿಸಿಲು ಹೊಸ್ತಿಲು ದಾಟಿ ಹೋಯಿತು. ಎತ್ತಲು ಗಂಡಸರು ಬಂದಾಗ ದೊಡ್ಡಪ್ಪ ನಿಮ್ಮನ್ನು ಹುಡುಕಿ ‘ಮಡಿವಾಳೆಪ್ಪ ಎಲ್ಲಿ’ ಅಂದರು. ‘ರುದ್ರಭೂಮ್ಯಾಗ ಕುಣಿ ಹತ್ರ ಅದಾನ’ ಎಂದು ಯಾರೋ ಹೇಳಿದರು. ನನ್ನ ಕೈ ಬಿಡಲಿಲ್ಲ. ಕೃಷ್ಣವ್ವ ‘ಬಿಡ ಅಕ್ಕಾ, ಕೈ ಬಿಡ’ ಎನ್ನುತ್ತ ಒಂದೊಂದೇ ಬೆರಳು ಬಿಡಿಸಿದಳು.

ಬೆರಳು ಬಿಟ್ಟವು. ಹೆಗಲು ಬಿಡಲಿಲ್ಲ. ಅದು ಇನ್ನೂ ಹಿಡಿದೇ ಇದೆ.

ಮೊನ್ನೆ ಇದನ್ನೆಲ್ಲ ಮಹಾದೇವನ ಮುಂದೆ ಸಿಟ್ಟಿನಲ್ಲಿ ಆಡಿದೆ. ಹೆತ್ತ ಅಪ್ಪ ಒಂದು ಗಳಿಗೆ ಬಂದು ಹಿಡಿಯಲಿಲ್ಲ ಅಂದೆ. ಆಗ ಅವನು ನನಗೆ ಗೊತ್ತಿಲ್ಲದ ಮಾತು ಹೇಳಿದ. ಕುಣಿ ತೋಡುವವರ ಕೈಯಿಂದ ನೀವು ಗುದ್ದಲಿ ಕಿತ್ತುಕೊಂಡಿರಂತೆ. ಯಾರಿಗೂ ಕೊಡದೆ ನೀವೇ ತೋಡಿದಿರಂತೆ. ತೋಡಿ ಮುಗಿದ ಮೇಲೆ ಒಳಗೆ ಇಳಿದು, ಕಾಲು ಮಡಿಸಿ ಕೂತು, ಆಕೆಯ ತಲೆಗೆ ಮಣ್ಣು ತಾಗುತ್ತದೋ ಏನೋ ಎಂದು ನಿಮ್ಮ ತಲೆಯ ಮೇಲೆ ಕೈ ಇಟ್ಟು ಅಳೆದು ನೋಡಿದಿರಂತೆ. ಆಮೇಲೆ ಏಳಲೇ ಇಲ್ಲವಂತೆ. ‘ಏಳ್ರಿ ಮಾವಾ, ಅದು ನಿಮ್ಮ ಜಾಗಾ ಅಲ್ಲ’ ಎಂದು ಮಹಾದೇವ ಕೈ ಹಿಡಿದು ಎಬ್ಬಿಸಿದನಂತೆ.

ಕೇಳಿ ನನ್ನ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು. ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ? ನೀವು ಮೂಲೆಯಲ್ಲಿ ಕೂತು ಉಂಡು ಏಳುವಾಗಲೆಲ್ಲ ಇವರಿಗೆ ಏನೂ ಆಗಿಲ್ಲ ಎಂದು ನಾನು ಹಲ್ಲು ಕಚ್ಚಿದೆ. ನಾನು ಅಳದೆ ಓಡಾಡಿದ್ದನ್ನು ನೋಡಿ ನೀವೂ ಹಾಗೆಯೇ ಅಂದುಕೊಂಡಿರೋ ಏನೋ. ಒಂದೇ ಮನೆಯಲ್ಲಿ ಇಬ್ಬರು ಮೂಕರು.

ಉಮಾಶ್ರೀ ಭಾರ ಇಳಿಸಿರಿ, ಇಳಿಸಿರಿ ಅನ್ನುತ್ತಾಳೆ. ತವರೂರು ಹೂಲಿಯಲ್ಲಿ ನಾನು ಹುಡುಗಿಯಾಗಿದ್ದಾಗ ಹೊಲದಿಂದ ಮೇವಿನ ಹೊರೆ ಹೊತ್ತು ತರುತ್ತಿದ್ದೆ. ತುಂಬಿದ ಹೊರೆಯನ್ನು ಹೊತ್ತವಳೇ ಇಳಿಸಿಕೊಳ್ಳಲು ಬರುವುದಿಲ್ಲ. ಅಂಗಳದಲ್ಲಿ ನಿಂತು ಯಾರಾದರೂ ಬರ್ರಿ ಎಂದು ಕೂಗಬೇಕು. ನಾನು ಕೂಗಲಿಲ್ಲ. ಈಗ ಕೂಗುತ್ತಿದ್ದೇನೆ.

ಈ ಗುರುವಾರ ಇಬ್ಬಿಬ್ಬರು ಬೆನ್ನಿಗೆ ಬೆನ್ನು ಹಚ್ಚಿ ಕೂರಬೇಕಂತೆ. ಒಬ್ಬರ ಭಾರ ಒಬ್ಬರು ತೆಗೆದುಕೊಳ್ಳಬೇಕಂತೆ. ಮಾತಿಲ್ಲ, ಮುಖ ನೋಡುವಂತಿಲ್ಲ. ಅದು ನಮಗೆ ಸಲೀಸು. ಮನೆಯವರನ್ನು ಕರೆದುಕೊಂಡು ಬರ್ರಿ ಅಂದಳು. ತಾಯವ್ವ, ‘ಯಾರೂ ಬರಲಿಲ್ಲಂದ್ರ ನಾ ಅದೇನಿ. ಆದ್ರ ನಾ ಒರಗಿದ್ರ ನೀ ಅಡ್ಡ ಬೀಳ್ತಿ ನೋಡವಾ’ ಅಂದಳು. ನಮ್ಮವರು ಬರುತ್ತಾರೆ ಎಂದು ಎಲ್ಲರೆದುರು ಹೇಳಿಬಿಟ್ಟಿದ್ದೇನೆ. ನನ್ನ ಮಾತು ಉಳಿಸುವುದು ನಿಮಗೆ ಬಿಟ್ಟದ್ದು.

ಬೆಳಗಿನ ಬಸ್ಸಿಗೆ ಬನ್ನಿ. ಬರಲು ಮನಸ್ಸಿಲ್ಲದಿದ್ದರೆ ಸುಭಾಸನ ಕೈಲಿ ಬಾಯಿಮಾತು ಕಳಿಸಬೇಡಿ. ನನ್ನ ಹಾಗೆ ಕೂತು ಬರೆಯಿರಿ.

ನಿಮ್ಮ ದಾರಿ ನೋಡುವ
ನೀಲಾಳ ಅವ್ವ,
ಗಂಗಾ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಸುಭಾಸನ ಮೇಲೆ ಸಿಟ್ಟಾಗಬೇಡಿ, ನಾನೇ ಒತ್ತಿ ಕೇಳಿದೆ. ನೀವು ಆ ಕೋಣೆಗೆ ಹೊರಟಾಗ ನಾನು ಸುತ್ತಿ ಕಟ್ಟಿಕೊಟ್ಟ ಹಾಸಿಗೆಯ ಹಗ್ಗ ಇನ್ನೂ ಬಿಚ್ಚಿಲ್ಲವಂತೆ. ಪಾಳಿ ಮುಗಿಸಿ ಬಂದು, ಕಾಲು ಮಡಿಸಿ, ಗೋಡೆಗೆ ಒರಗಿ, ಕೂತೇ ನಿದ್ದೆ ಮಾಡುತ್ತೀರಂತೆ. ಗುರುವಾರ ಬರುವಾಗ ಆ ಹಾಸಿಗೆ ಮನೆಗೆ ತನ್ನಿ.