ಮೀನಿನ ತಲೆ ಗೆದ್ದವಳಿಗೆ

ಗಂಗೊಳ್ಳಿ ತೇಲುಪೇಟೆ
೨೨೮೪, ಹದಿಮೂರನೇ ತಿಂಗಳ ಎರಡನೇ ತಾರೀಕು

ಬಾಬಿ ಅಮ್ಮಮ್ಮನಿಗೆ,

ತಾರೀಕು ನೋಡಿ ನಗಬೇಡ. ಮಳೆಗಾಲ ಉದ್ದವಾದ ಮೇಲೆ ನಿಮ್ಮ ಹನ್ನೆರಡು ತಿಂಗಳು ನಮಗೆ ಸಾಲದೆ ಹೋದವು. ನನ್ನ ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸು. ನಾನು ತರಣಿ, ನಿನ್ನ ಮಗಳು ಜಲಜಳಿಂದ ಎಂಟನೇ ತಲೆಮಾರಿನವಳು.

ಪೇಟೆ ಈಗ ನೀರಿನ ಮೇಲೆ ತೇಲುತ್ತದೆ. ಮೀನು ಕೊಯ್ಯುವ ಕತ್ತಿ ಮಾತ್ರ ಬದಲಾಗಿಲ್ಲ. ನಿಮ್ಮ ಕಾಲದ ಪಂದ್ಯವೂ ಉಳಿದಿದೆ. ಬೆರಳು ಕುಯ್ದುಕೊಂಡಾಗ, ಮೀನು ತೊಳೆದು ಮುಗಿಯುವುದರೊಳಗೆ ಯಾರ ರಕ್ತ ನಿಲ್ಲುತ್ತದೋ ಅವರಿಗೆ ಅವತ್ತಿನ ಸಾರಿನಲ್ಲಿ ಮೀನಿನ ತಲೆ. ನೀನು ಒಮ್ಮೆಯೂ ಸೋತವಳಲ್ಲವಂತೆ. ಆ ಜಂಬ ನಮಗೂ ಇಳಿದು ಬಂದಿದೆ.

ನಾಳಗನ್ನಡಿ ಎಂಬ ಪಟ್ಟಿಯೊಂದು ನಮ್ಮ ಮುಂಗೈಯಲ್ಲಿರುತ್ತದೆ. ರಕ್ತನಾಳದ ಒಳಗೋಡೆಯನ್ನು ತೋರಿಸುವ ಅದನ್ನು ಹಲ್ಲುಜ್ಜುತ್ತಾ ನೋಡಿಕೊಳ್ಳುವುದು ನಮ್ಮ ಅಭ್ಯಾಸ. ಫೈಬ್ರಿನೋಜನ್ ಎಂಬ ಪ್ರೋಟೀನ್ ನಮ್ಮ ಮನೆತನದ ರಕ್ತದಲ್ಲಿ ಸ್ವಲ್ಪ ಹೆಚ್ಚು. ಗಾಯವಾದಾಗ ಅದೇ ನೂಲಾಗಿ, ಬಲೆಯಾಗಿ ರಕ್ತವನ್ನು ಹಿಡಿದು ನಿಲ್ಲಿಸುತ್ತದೆ. ಆದರೆ ಹೃದಯದ ನಾಳದ ಗೋಡೆಯಲ್ಲಿ ಕೊಬ್ಬು ಕೂತು ಊದಿಕೊಂಡರೆ ಅಲ್ಲಿಗೂ ನುಸುಳಿ ಸೇರಿಕೊಳ್ಳುತ್ತದೆ. ಆ ಗಂಟು ಬಿರಿದ ದಿನ, ಅದೂ ಗಾಯವೇ ಎಂದುಕೊಂಡು ಅಲ್ಲೇ ಬಲೆ ಬೀಸುತ್ತದೆ, ದಾರಿ ಮುಚ್ಚಿಹೋಗುತ್ತದೆ. ಬೆರಳಿನ ರಕ್ತ ಬೇಗ ನಿಂತಿತೆಂದು ಎದೆಯೂ ಗಟ್ಟಿ ಎಂದುಕೊಳ್ಳುವ ತಪ್ಪನ್ನು ನಮ್ಮವರಲ್ಲದೆ ಇನ್ಯಾರು ಮಾಡಿಯಾರು.

ನಿನ್ನದೆಂದು ನಮ್ಮ ಹತ್ತಿರ ಉಳಿದಿರುವುದು ಜಲಜಳಿಗೆ ನೀನು ಫೋನಿನಲ್ಲಿ ಕಳಿಸಿದ ಒಂದು ದನಿ ಮಾತ್ರ. “ಹೆಗಲ್ ನೋವ್ ಅಷ್ಟೇ ಮಗಾ, ಬುಟ್ಟಿ ಹೊತ್ತದ್ದ್. ನಮ್ ರಕ್ತ ಗಟ್ಟಿ, ಎಂತ ಆತಿಲ್ಲೆ. ಚೂರ್ ಮನಿಕಂತೆ.” ಮಾತಿನ ನಡುವೆ ನೀನು ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ಆ ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಜಲಜ ಅದನ್ನು ಕೇಳುವಾಗ ಸಂಜೆಯಾಗಿತ್ತು.

ನಾನಂತೂ ಅದನ್ನು ಎಷ್ಟು ಸಲ ಕೇಳಿದ್ದೇನೋ. ಮುಂದೆ ಇನ್ನೊಂದು ಮಾತು ಬರುತ್ತದೇನೋ ಎಂದು ಮುಗಿದ ಮೇಲೂ ಕಿವಿಗೊಟ್ಟಿರುತ್ತೇನೆ. ನಿನ್ನ ಸಾರಿನ ಹದ ಕೇಳಿ ತಿಳಿಯಬೇಕು, ಕತ್ತಿ ಹಿಡಿಯಲು ಬರುವುದಿಲ್ಲವೆಂದು ನಿನ್ನಿಂದ ಬೈಸಿಕೊಳ್ಳಬೇಕು ಅನಿಸಿ ಸಂಕಟವಾಗುತ್ತದೆ.

ಈ ಕಾಗದ ಆ ಮಧ್ಯಾಹ್ನಕ್ಕೆ ಮುಂಚೆ ಸಿಕ್ಕಿದರೆ, ಮಲಗಬೇಡ ಅಮ್ಮಮ್ಮ. ಬುಟ್ಟಿ ಅಲ್ಲೇ ಇರಲಿ, ಮೀನು ಹಾಳಾದರೆ ಹಾಳಾಗಲಿ. ಪಕ್ಕದವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗು. ಆಮೇಲೆ ಅಲ್ಲಿಂದಲೇ ಜಲಜಳಿಗೆ ಇನ್ನೊಂದು ದನಿ ಕಳಿಸು. ಹಾಳಾದ ಮೀನಿಗಾಗಿ ನನ್ನನ್ನು ಬೈದರೂ ಸರಿ. ನಾನು ಕೇಳುತ್ತಾ ಕೂತಿರುತ್ತೇನೆ.

ನಿನ್ನ
ತರಣಿ